ಖಾರದ ಮನೆ ವೀರವ್ವನ ಮೊದಲ ಬುತ್ತಿ

ಸವಣೂರಿನ ಪೇಟೆ ಓಣಿಯಲ್ಲಿ ಯಾರಾದರೂ ಸತ್ತರೆ ಅಳುವವರು ಅಳುತ್ತಿದ್ದರು, ಹಾರ ತರುವವರು ಹಾರ ತರುತ್ತಿದ್ದರು, ಖಾರದ ಮನೆಯ ವೀರವ್ವ ಮಾತ್ರ ಕಿಟಕಿಯಲ್ಲಿ ನಿಂತು ಬುತ್ತಿ ಹೋಗುವ ದಾರಿ ನೋಡುತ್ತಿದ್ದಳು. ಸತ್ತವರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ, ಪಾಪ. ಸಿಟ್ಟೆಲ್ಲ ಆ ಬುತ್ತಿಯ ಮೇಲೆ.

ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚಬಾರದು. ಮಣ್ಣು ಕೊಟ್ಟು ಬಂದು ಮಿಂದವರಿಗೆ ಮೊದಲ ಊಟ ಹೊರಗಿನಿಂದಲೇ ಬರಬೇಕು. ಅದೇ ಬುತ್ತಿ. ಬೇರೆ ಕಡೆ ಬೀಗರು ತರುತ್ತಾರೆ, ಎದುರು ಮನೆಯವರು ತರುತ್ತಾರೆ, ಯಾರಿಗೆ ಒದಗಿತೋ ಅವರು ತರುತ್ತಾರೆ. ಪೇಟೆ ಓಣಿಯಲ್ಲಿ ಮಾತ್ರ ಅದು ಅವಲಕ್ಕಿಯವರ ಮನೆಯಿಂದಲೇ ಬರುತ್ತಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ದೊಡ್ಡ ಹಿತ್ತಾಳೆ ಪಾತ್ರೆ, ಅದನ್ನು ಎರಡೂ ಕಡೆ ಹಿಡಿದ ಅವರ ಅವಲಕ್ಕಿ ಮಿಲ್ಲಿನ ಆಳುಗಳು, ಹಿಂದೆ ತಲೆ ತುಂಬ ಸೆರಗು ಹೊದ್ದು ನೆಲ ನೋಡುತ್ತ ಬರುವ ಆ ಮನೆಯೊಡತಿ ನೀಲಗಂಗವ್ವ. ಅವಳು ಹಾಗೆ ತಲೆ ತಗ್ಗಿಸಿ ನಡೆಯುವುದನ್ನು ಕಂಡರೆ ವೀರವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ನೋಡ್ರಿ ಅಕಿನ್ನ. ಊರೆಲ್ಲಾ ತನ್ನ ನೋಡ್ಲಿ ಅಂತನ ತಾ ನೆಲಾ ನೋಡ್ಕೊಂತ ಹೊಂಟಾಳ," ಎನ್ನುತ್ತಿದ್ದಳು ಗಂಡನಿಗೆ.

ಗಂಡ ಬಸವಣ್ಣೆಪ್ಪ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಕಡಲೆಹಿಟ್ಟಿನ ಕರಿದ ಖಾರಾ ತೂಗುತ್ತಲೇ, "ನಿನಗ ಬೇಕಾದ್ರ ನೀನೂ ನೆಲಾ ನೋಡ್ಕೊಂತ ಅಡ್ಡಾಡು. ನೆಲಾ ಏನ್ ಅವ್ರ ಹೆಸರಿಗೆ ಖರೀದಿ ಆಗೇತೇನು?" ಎನ್ನುತ್ತಿದ್ದ. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ತಿಳಿಯಬೇಕು.

ಈ ಉರಿ ನಿನ್ನೆ ಮೊನ್ನೆಯದಲ್ಲ. ವೀರವ್ವ ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯಿಂದ ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ನೀಲಗಂಗವ್ವನೂ ಹಿರೇಕೆರೂರಿನಿಂದ ಎದುರು ಸಾಲಿನ ಮನೆಗೆ ಬಂದಿದ್ದಳು. ಇಬ್ಬರೂ ಒಂದೇ ನಲ್ಲಿಗೆ ಕೊಡ ಹಚ್ಚಿದವರು. ಆಗ ಅವಲಕ್ಕಿಯವರಿಗೆ ಇದ್ದದ್ದು ತಗಡಿನ ಚಾವಣಿಯ ಒಂದು ಸಣ್ಣ ಮಿಲ್ಲು. ದೊಡ್ಡ ಅಂಗಡಿ ಎಂದರೆ ಖಾರದವರದೇ. ಸವಣೂರಿನ ಖಾರಾ ಬೇಕೆಂದು ದೂರದೂರಿನವರು ಬಸ್ಸು ನಿಲ್ಲಿಸಿ ಇಳಿದು ಬರುತ್ತಿದ್ದರು. ಹೊಸ ಸೊಸೆ ವೀರವ್ವ ನಲ್ಲಿಯ ಹತ್ತಿರ ಹೋದರೆ ಬೇರೆ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಆ ಸರಿದ ಜಾಗದ ನೆನಪು ಅವಳಿಗೆ ಇನ್ನೂ ಇತ್ತು, ಏಕೆಂದರೆ ಬರಬರುತ್ತ ಆ ಜಾಗ ನೀಲಗಂಗವ್ವನ ಪಾಲಾಯಿತು.

ಮಿಲ್ಲು ಬೆಳೆಯಿತು. ಅವಲಕ್ಕಿ, ಚುರುಮುರಿ ಟೆಂಪೋ ತುಂಬಿ ಹಾನಗಲ್ಲಿಗೆ, ಶಿಗ್ಗಾಂವಿಗೆ, ಹಿರೇಕೆರೂರಿಗೆ ಹೋಗತೊಡಗಿತು. ದುಡ್ಡು ಬಂದರೆ ವೀರವ್ವನಿಗೆ ಅಷ್ಟು ಬೇನೆಯಿರಲಿಲ್ಲ. ಬಂದ ದುಡ್ಡು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಅವಳೂ ಸುಮ್ಮನೆ ಕೂತಿರುತ್ತಿದ್ದಳು. ಅದು ಓಣಿಗೆ ಇಳಿಯಿತು, ನೋಡಿ. ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ಟಾಕಿ ಅವಲಕ್ಕಿಯವರದು. ಸರಕಾರಿ ದವಾಖಾನೆಯಲ್ಲಿ ಮಂದಿ ಕೂರುವ ಬಾಕುಗಳು ಅವಲಕ್ಕಿಯವರವು. ಉರ್ದು ಸಾಲಿಯ ಕಂಪೌಂಡು, ರುದ್ರಭೂಮಿಯ ಗೇಟು, ಬೇಸಿಗೆಯಲ್ಲಿ ದನಗಳ ದೋಣಿಗೆ ನೀರು, ಎಲ್ಲಾ ಅವರದೇ. ನಲ್ಲಿ ನಿಂತರೆ ಮಂದಿ ಪುರಸಭೆಗೆ ಹೋಗುವ ಮೊದಲು ಅವಲಕ್ಕಿಯವರ ಕಟ್ಟೆಗೆ ಹೋಗುತ್ತಿದ್ದರು. ಪುರಸಭೆಯವರೂ ಅಲ್ಲಿಗೇ ಬಂದು ಚಹಾ ಕುಡಿಯುತ್ತ ನಲ್ಲಿ ಯಾಕೆ ನಿಂತಿತೆಂದು ಹೇಳುತ್ತಿದ್ದರು.

"ಹಂಗಾರ ಪುರಸಭೆ ಬೋರ್ಡು ತಂದು ಅವ್ರ ಮನಿ ಮ್ಯಾಲನ ಬಡೀರಿ," ಎಂದು ವೀರವ್ವ ಒಮ್ಮೆ ವಾರ್ಡಿನ ಮೆಂಬರಿಗೆ ಹೇಳಿದ್ದಳು. ಅವನು ಅದನ್ನು ಚೇಷ್ಟೆ ಎಂದು ತಿಳಿದು ನಕ್ಕು, ಕಾಲು ಕಿಲೋ ಖಾರಾ ಕಟ್ಟಿಸಿಕೊಂಡು ಹೋದ.

ಹೊಟ್ಟೆಕಿಚ್ಚಿಗೂ ಒಂದು ಬುದ್ಧಿ ಇರುತ್ತದೆ. ವೀರವ್ವ ಕುಳಿತು ಲೆಕ್ಕ ಹಾಕಿದಳು: ನಾವೂ ಒಂದು ಬಾಕು ಮಾಡಿಸೋಣ. ಬಸವಣ್ಣೆಪ್ಪನನ್ನು ಕಾಡಿ ಬೇಡಿ ಪಶು ದವಾಖಾನೆಯ ಎದುರು ಒಂದು ಸಿಮೆಂಟಿನ ಬಾಕು ಹಾಕಿಸಿದಳು. ಅದರ ಒರಗು ಬೆನ್ನಿನ ಮೇಲೆ 'ಖಾರದ ಬಸವಣ್ಣೆಪ್ಪನವರ ಸೇವೆ' ಎಂದು ಕೆಂಪು ಅಕ್ಷರದಲ್ಲಿ ಬರೆಸಿದಳು. ಎಂಟು ದಿನ ಕಳೆದಿರಲಿಕ್ಕಿಲ್ಲ, ಅಂಗಡಿಗೆ ಬಂದ ಯಾರೋ ಒಬ್ಬ ಇನ್ನೊಬ್ಬನಿಗೆ ಫೋನಿನಲ್ಲಿ ಹೇಳುತ್ತಿದ್ದ: "ಅಲ್ಲೇ ದನದ ದವಾಖಾನಿ ಮುಂದ ಅವಲಕ್ಕಿಯವ್ರ ಬಾಕು ಐತಲ್ಲ, ಅಲ್ಲಿ ಕುಂತಿರು, ಬರ್ತೇನಿ." ಅಲ್ಲಿ ಹೋಗಿ ಕುಂತವನ ಬೆನ್ನಿಗೇ ಕೆಂಪು ಅಕ್ಷರ ಒತ್ತಿಕೊಂಡರೂ ಅವನಿಗೆ ಅದು ಕಾಣುವ ಹಾಗಿರಲಿಲ್ಲ. ಬಾಕು ಅಂದಮೇಲೆ ಅದು ಅವಲಕ್ಕಿಯವರದೇ, ಊರು ಹಾಗೆಂದು ತೀರ್ಮಾನಿಸಿಬಿಟ್ಟಿತ್ತು. ವೀರವ್ವ ಅಂದು ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದಳು.

ಆದರೂ ಟಾಕಿ, ಗೇಟು, ಬಾಕು ಇವನ್ನೆಲ್ಲ ಅವಳು ಹೇಗೋ ನುಂಗಿಕೊಂಡಾಳು. ನುಂಗಲಾಗದ್ದು ಬುತ್ತಿ. ಅದಕ್ಕೊಂದು ಕಾರಣವಿತ್ತು. ಖಾರಾ ಹೋಗುತ್ತಿದ್ದುದು ನಗುವ ಮನೆಗೆ. ತೊಟ್ಟಿಲಿಗೆ, ನಿಶ್ಚಯಕ್ಕೆ, ಚುನಾವಣೆ ಗೆದ್ದವನ ಮೆರವಣಿಗೆಗೆ ಖಾರಾ ಬೇಕು. ಸಾವಿನ ಮನೆಗೆ ಕರಿದದ್ದು ನಡೆಯುವುದಿಲ್ಲ. ಒಗ್ಗರಣೆಯ ವಾಸನೆ ಸಹ ಅಂದು ಆ ಅಂಗಳದಲ್ಲಿ ಏಳಬಾರದು.

"ನಗುವಾಗ ತಿಂದದ್ದನ್ನ ಮಂದಿ ಮರೀತಾರ. ಅಳುವಾಗ ಉಂಡದ್ದನ್ನ ಸಾಯೂ ತನಕ ಮರೆಯೂದಿಲ್ಲ," ಎಂದು ಅವಳು ಸೊಸೆ ತನುಜಾಗೆ ಹೇಳುತ್ತಿದ್ದಳು. "ಅದಕ್ಕ ಅಕಿ ಅಳೂ ಮನಿ ಹಿಡಿದಾಳ. ಶಾಣ್ಯಾಕಿ."

ತನುಜಾ ಶಿಗ್ಗಾಂವಿಯ ಕಾಲೇಜಿನಲ್ಲಿ ಬಿ.ಎ. ಓದಿದವಳು, ಮಾತು ಕಡಿಮೆ. "ಮೊದಲ್ನೇ ಸಲ ಯಾರು ಹೇಳಿ ಕಳಿಸಿದ್ರತ್ತಿ ಅವ್ರಿಗೆ?" ಎಂದು ಕೇಳಿದಳು.

ಯಾರೂ ಹೇಳಿ ಕಳಿಸಿರಲಿಲ್ಲ. ಮಿಲ್ಲಿನಲ್ಲಿ ಚೀಲ ಹೊರುವವನೊಬ್ಬ ಶ್ರಾವಣದ ಮಳೆಯಲ್ಲಿ ತೀರಿಕೊಂಡಾಗ ನೀಲಗಂಗವ್ವ ಅನ್ನ ಸಾರು ಮಾಡಿ ಒಯ್ದಿದ್ದಳು. ಮುಂದಿನ ಸಾವಿಗೂ ಒಯ್ದಳು. ಅದರ ಮುಂದಿನ ಸಾವಿಗೆ ಓಣಿಯವರು, ಹೇಗಿದ್ದರೂ ಅವಳು ತರುತ್ತಾಳೆಂದು ಸುಮ್ಮನಾದರು. ಲಿಂಗವಂತರ ಮನೆ, ಸಾಬರ ಮನೆ, ಕುರುಬರ ಮನೆ ಎಂಬ ಭೇದ ಅವಳಿಗಿರಲಿಲ್ಲ. ಯಾವ ಸಭೆಯಲ್ಲೂ ಠರಾವಾಗದೆ ಅದೊಂದು ಊರ ಕಾಯಿದೆಯಾಯಿತು. ವೀರವ್ವನ ಆಸೆ ಒಂದೇ: ಒಮ್ಮೆ, ಬರೀ ಒಮ್ಮೆ, ಈ ಓಣಿಯಲ್ಲಿ ಸಾವಾದ ಮನೆಯವರು ತನ್ನ ಮನೆಯ ಕಡೆಗೆ ಮುಖ ಮಾಡಿ ಕಾಯಬೇಕು.

ಅದಕ್ಕಾಗಿ ಒಮ್ಮೆ ಅವಳು ಓಡಿಯೂ ನೋಡಿದ್ದಳು. ಪರಮೇಶ ಮಾಸ್ತರರ ತಾಯಿ ತೀರಿಕೊಂಡ ದಿನ. ಮಾಸ್ತರರ ಮನೆ ಖಾರದವರ ಗೋಡೆಗೆ ಹತ್ತಿಕೊಂಡೇ ಇತ್ತು. ಇವತ್ತು ನೀಲಗಂಗವ್ವನಿಗಿಂತ ಮೊದಲು ಹೋಗಲೇಬೇಕೆಂದು ವೀರವ್ವ ಬೆಳಗಿನಿಂದಲೇ ಹೊಸ ಪಾತ್ರೆ ಇಟ್ಟುಕೊಂಡು ಕೂತಳು. ಹೆಣ ಓಣಿಯ ತಿರುವು ದಾಟುತ್ತಲೇ ಅನ್ನಕ್ಕಿಟ್ಟಳು, ಬೇಳೆ ಬೇಯಿಸಿದಳು. ಆಮೇಲೆ ಏನಾಯಿತೆಂದರೆ, ಕೈ. ಇಡೀ ಜನ್ಮ ಕಾದ ಎಣ್ಣೆಯ ಮುಂದೆ ಕುಳಿತ ಕೈ ಅದು. ಅವಳ ತಲೆ ಬಾಗಿಲ ಕಡೆಗಿದ್ದಾಗ ಕೈ ತನ್ನ ಪಾಡಿಗೆ ತಾನು ಬೆಳ್ಳುಳ್ಳಿ ಜಜ್ಜಿ, ಬ್ಯಾಡಗಿ ಮೆಣಸಿನಕಾಯಿ ಮುರಿದು, ಚೊಂಯ್ ಎಂದು ಒಗ್ಗರಣೆ ಕೊಟ್ಟುಬಿಟ್ಟಿತು. ಅವಳಿಗೆ ಗೊತ್ತೂ ಆಗಲಿಲ್ಲ.

ಗೊತ್ತಾದದ್ದು ಮಾಸ್ತರರ ಅಂಗಳದಲ್ಲಿ ಪಾತ್ರೆಯ ಮುಚ್ಚಳ ತೆಗೆದಾಗ. ಲಗ್ನದ ಮನೆಯ ವಾಸನೆ ಅಂಗಳದ ತುಂಬ ಎದ್ದಿತು. ಮುದುಕಿಯರು ಸೆರಗು ಮೂಗಿಗೆ ಒಯ್ದರು. ಅಳುತ್ತಿದ್ದ ಮಾಸ್ತರರ ಅಕ್ಕ ಅಳು ನಿಲ್ಲಿಸಿ, "ಯವ್ವಾ, ನಮ್ಮವ್ವ ಸತ್ತದ್ದಕ್ಕ ಹಬ್ಬಾ ಮಾಡ್ಯಾಳೇನಿಕಿ," ಎಂದಳು. ವೀರವ್ವನಿಗೆ ನಿಂತಲ್ಲೇ ನೆಲ ಬಾಯಿಬಿಡಲಿ ಎನ್ನಿಸಿತು. ಅಷ್ಟರಲ್ಲಿ ಹಿತ್ತಾಳೆ ಪಾತ್ರೆ ಬಂತು. ನೀಲಗಂಗವ್ವ ಬಂದು ನಿಂತು ಮೂಗು ಅರಳಿಸಿದಳು, ಒಂದು ಗಳಿಗೆಯಲ್ಲಿ ಎಲ್ಲ ತಿಳಿದುಕೊಂಡಳು. ಒಂದು ತಾಟು ತೆಗೆದುಕೊಂಡು ವೀರವ್ವನ ಪಾತ್ರೆಯಿಂದ ಅನ್ನ ಸಾರು ಹಾಕಿಕೊಂಡು, ಅಂಗಳದ ಮೂಲೆಯಲ್ಲಿ ಎಲ್ಲರೆದುರು ಕುಳಿತು ಉಂಡಳು. "ನಾ ಮುಂಜಾನಿಯಿಂದ ಹಸಿದೇನಿ. ಇದು ನನಗಾತು, ಅದು ನಿಮಗ," ಎಂದಳು. ಮುದುಕಿಯರ ಸೆರಗು ಕೆಳಗಿಳಿಯಿತು, ಮಾತು ಅಲ್ಲಿಗೆ ಮುಗಿಯಿತು.

ಬೇರೆ ಯಾರಾದರೂ ಆಗಿದ್ದರೆ ಜನ್ಮಪೂರ್ತಿ ಆ ಉಪಕಾರ ನೆನೆಯುತ್ತಿದ್ದರು. ವೀರವ್ವನಿಗೆ ಉರಿ ದುಪ್ಪಟ್ಟಾಯಿತು. "ನನ್ನ ತಪ್ಪನ್ನೂ ತನ್ನ ಪುಣ್ಯಾ ಮಾಡ್ಕೊಂಡ್ಲು," ಎಂದು ಆ ಪಾತ್ರೆಯನ್ನು ಅಟ್ಟಕ್ಕೆ ಒಗೆದಳು. ಮತ್ತೆ ಅದನ್ನು ಕೆಳಗಿಳಿಸಲಿಲ್ಲ.

ಕಳೆದ ವರ್ಷ ನೀಲಗಂಗವ್ವ ಹಾಸಿಗೆ ಹಿಡಿದಳು. ಹುಬ್ಬಳ್ಳಿಗೆ ಒಯ್ದರು, ತಂದರು. ನೋಡಲು ಹೋಗದಿದ್ದರೆ ಓಣಿ ಏನಂದೀತೆಂದು ವೀರವ್ವ ಎರಡು ಪೊಟ್ಟಣ ಖಾರಾ ಹಿಡಿದು ಹೋದಳು. ಜಗುಲಿಯ ತುಂಬ ಮಂದಿಯ ಚಪ್ಪಲಿ. ತನಗೆ ಕಳೆದ ಮಳೆಗಾಲದಲ್ಲಿ ಜ್ವರ ಬಂದಾಗ ಬಂದವರು ಯಾರ್‍ಯಾರೆಂದು ನೆನಪು ಮಾಡಿಕೊಂಡಳು, ಒಬ್ಬ ಹಾಲಿನವನು ಬಂದಿದ್ದ, ಅದೂ ಹಾಲು ಕೊಡಲು. ಒಳಗೆ ನೀಲಗಂಗವ್ವ ಅವಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ಮತ್ತ ಬಾ ವೀರವ್ವ. ನೀ ಬರಬೇಕು ನೋಡು," ಎಂದಳು. ಬಂದವರಿಗೆಲ್ಲ ಹೀಗೇ ಹೇಳುತ್ತಾಳೆಂದು ವೀರವ್ವ ಅದನ್ನು ಅಲ್ಲೇ ಬಿಟ್ಟು ಬಂದಳು.

ಎಳ್ಳಮಾಸಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ನೀಲಗಂಗವ್ವ ಹೋದಳು.

ಪೇಟೆ ಪೂರ್ತಿ ಬಾಗಿಲು ಹಾಕಿತು. ಹೂವಿನ ವಿಮಾನದಲ್ಲಿ ಅವಳನ್ನು ಕೂರಿಸಿದರು, ಹಣೆಯ ತುಂಬ ವಿಭೂತಿ. ಭಜನೆಯವರು ಬಂದರು, ಪುರಸಭೆಯವರು ಬಂದರು, ಉರ್ದು ಸಾಲಿಯ ಮಕ್ಕಳು ಸಾಲಾಗಿ ನಿಂತರು. ಮಂದಿ ಎಷ್ಟು ಅಳುತ್ತಾರೆ, ಯಾರು ಅಳುತ್ತಾರೆ ಎಂದು ವೀರವ್ವ ಒಬ್ಬೊಬ್ಬರ ಮುಖ ನೋಡಿದಳು. ನಾ ಸತ್ತರ ಇದರಾಗ ಅರ್ಧ ಮಂದಿನೂ ಬರಂಗಿಲ್ಲ ಎನ್ನಿಸಿತು. ಕಣ್ಣಲ್ಲಿ ನೀರು ಬಂತು, ಅದು ಯಾರಿಗಾಗಿ ಬಂತೆಂದು ತಿಳಿಯದೆ ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

ಸಂಜೆಯ ಮುಂದೆ ಬಸವಣ್ಣೆಪ್ಪ ಮಣ್ಣು ಕೊಟ್ಟು ಬಂದು, ಮಿಂದು, ಊಟಕ್ಕೆ ಕುಳಿತ. ತನುಜಾ ರೊಟ್ಟಿ ಹಾಕಿದಳು. ಅವನು ರೊಟ್ಟಿ ಮುರಿಯುತ್ತ, "ಪಾಪ, ಅವಲಕ್ಕಿಯವ್ರ ಮನ್ಯಾಗ ಮಂದಿ ಹಂಗ ಕುಂತೈತಿ. ಬುತ್ತಿನ ಬಂದಿಲ್ಲ," ಎಂದ.

"ಬಂದಿಲ್ಲಂದ್ರ?" ಎಂದಳು ವೀರವ್ವ.

"ಬಂದಿಲ್ಲಂದ್ರ ಬಂದಿಲ್ಲ. ಹಿರೇಕೆರೂರಿನ ತವರವ್ರು, ಅಷ್ಟು ದೊಡ್ಡ ಓಣಿ, ಯಾರರ ತರ್ತಾರಂತ ಕೈ ಬೀಸ್ಕೊಂತ ಬಂದಾರ. ಓಣ್ಯಾವ್ರು, ಅಂಥಾ ದೊಡ್ಡ ಮನಿ, ತವರವ್ರು ತಂದಿರ್ತಾರಂತ ತಮ್ಮ ತಮ್ಮ ಮನಿಗೆ ಹೋಗ್ಯಾರ. ಸಣ್ಣ ಹುಡುಗ್ರು ಒಣ ಅವಲಕ್ಕಿ ಮುಕ್ಕಾಕತ್ತಾವು."

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಒಂದು ತಲೆಮಾರು ಬುತ್ತಿ ಒಂದೇ ಮನೆಯಿಂದ ಬಂದಿತ್ತು. ಓಣಿಯ ಉಳಿದ ಕೈಗಳು ಆ ಕೆಲಸವನ್ನೇ ಮರೆತಿದ್ದವು. ಬುತ್ತಿ ಕಳಿಸುವ ಮನೆಗೂ ಒಂದು ದಿನ ಬುತ್ತಿ ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಸುಳ್ಳು ಯಾಕೆ ಹೇಳಬೇಕು, ವೀರವ್ವನಿಗೆ ಮೊದಲು ಆದದ್ದು ಸಂತೋಷ. ಊರಿಗೆಲ್ಲ ಉಣ್ಣಿಸಿದವಳ ಮನೆಗೆ ಒಂದು ತುತ್ತು ಹುಟ್ಟಲಿಲ್ಲ, ಇಷ್ಟೇ ನೋಡು ಊರಿನ ಪ್ರೀತಿ, ಎಂದು ಒಳಗೊಳಗೇ ತಣ್ಣಗಾಯಿತು. ಆ ತಂಪು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ಅವಳು ತಟ್ಟನೆ ಎದ್ದಳು. ಇಷ್ಟು ವರ್ಷ ಕಾದ ಗಳಿಗೆ ಬಾಗಿಲಿಗೆ ಬಂದು ನಿಂತಿತ್ತು.

"ಏಳ್ರಿ. ಅಟ್ಟದ ಮ್ಯಾಲಿನ ಪಾತ್ರೆ ಇಳಸ್ರಿ."

"ಉಣ್ಣಾಕತ್ತೇನಲ್ಲ."

"ಆಮ್ಯಾಲ ಉಣ್ಣೀರಂತ."

ಮನೆಯ ಒಲೆ ಸಾಲುವುದಿಲ್ಲವೆಂದು ಅಂಗಡಿಯ ಭಟ್ಟಿಯನ್ನೇ ಹೊತ್ತಿಸಿದರು. ಖಾರಾ ಕರಿಯುವ ಕಡಾಯಿ ಇಳಿಸಿ ಅಲ್ಲಿ ಅನ್ನದ ಪಾತ್ರೆ ಏರಿಸಿದರು. ಬೇಳೆ ಬೆಂದಿತು, ಉಪ್ಪು ಹುಳಿ ಬಿತ್ತು. ವೀರವ್ವನ ಕೈ ಎಣ್ಣೆಯ ಸೌಟಿಗೆ ಹೋಯಿತು. ತನುಜಾ ಆ ಮಣಿಕಟ್ಟು ಹಿಡಿದಳು.

"ಅತ್ತಿ."

"ಗೊತ್ತೈತಿ ಬಿಡು," ಎಂದಳು ವೀರವ್ವ. ಗೊತ್ತಿರಲಿಲ್ಲ.

ಹಿತ್ತಿಲ ಸಂದಿಯಿಂದ ಹೋದರೆ ಅವಲಕ್ಕಿಯವರ ಮನೆ ಹತ್ತಿರ. ವೀರವ್ವ ಒಪ್ಪಲಿಲ್ಲ. ನಡು ಓಣಿಯಿಂದಲೇ ಹೋಗಬೇಕು, ಊರು ನೋಡಬೇಕು. ಗಂಡ, ಸೊಸೆ ಆ ಕಡೆ ಈ ಕಡೆ ಪಾತ್ರೆ ಹಿಡಿದರು, ತಾನು ಹಿಂದೆ ನಡೆದಳು. ನೆಲ ನೋಡಲಿಲ್ಲ. ತಲೆಯೆತ್ತಿ ಎರಡೂ ಸಾಲಿನ ಕಿಟಕಿಗಳನ್ನು ನೋಡುತ್ತ ನಡೆದಳು. ಒಂದು ಕಿಟಕಿಯಲ್ಲೂ ಒಂದು ಮುಖವಿರಲಿಲ್ಲ. ಎಲ್ಲರೂ ಮಿಂದು ಒಳಗೆ ಉಣ್ಣುತ್ತಿದ್ದರು. ಅಷ್ಟರಲ್ಲಿ ಬಸವಣ್ಣೆಪ್ಪನ ಕಾಲು ಗಟಾರದ ಮೇಲಿನ ಎದ್ದ ಕಲ್ಲಿಗೆ ತಾಗಿತು. ಪಾತ್ರೆ ಓರೆಯಾಗಿ ಬಿಸಿ ಸಾರು ಅವನ ಪಾದಕ್ಕೆ ಚೆಲ್ಲಿತು.

"ಹಿಂದ ಬರಾಕಿ ನೀ ಏನ್ ನೋಡಾಕತ್ತಿದ್ದಿ? ಕಲ್ಲೈತಿ ಅಂತ ಹೇಳಬಾರದಾ?" ಎಂದ ಅವನು.

ಪಾತ್ರೆ ಹಿಡಿದವರಿಗೆ ತಮ್ಮ ಕಾಲು ಕಾಣುವುದಿಲ್ಲ. ಹಿಂದೆ ಬರುವವಳು ನೆಲ ನೋಡಿ, ಇಲ್ಲಿ ಕಲ್ಲು, ಅಲ್ಲಿ ತಗ್ಗು ಎಂದು ಹೇಳುತ್ತ ಬರಬೇಕು. ಆ ಸೆರಗಿನೊಳಗೆ ನೀಲಗಂಗವ್ವನ ತುಟಿ ಯಾವಾಗಲೂ ಅಲ್ಲಾಡುತ್ತಿದ್ದುದನ್ನು ವೀರವ್ವ ಮಂತ್ರವೆಂದು ತಿಳಿದಿದ್ದಳು, ನಾಟಕವೆಂದೂ ತಿಳಿದಿದ್ದಳು. ಈಗ ಅವಳು ತಲೆ ತಗ್ಗಿಸಿದಳು. "ಎಡಕ್ಕ ಬರ್ರಿ. ಮುಂದ ತಗ್ಗೈತಿ," ಎನ್ನುತ್ತ ನಡೆದಳು.

ಬಾಗಿಲಲ್ಲಿ ನೀಲಗಂಗವ್ವನ ಸೊಸೆ ಅಂಕಿತಾ ನಿಂತಿದ್ದಳು, ಅತ್ತು ಮುಖ ಬಾತಿತ್ತು. ಪಾತ್ರೆ ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಬರ್ರಿ ದೊಡ್ಡವ್ವ. ನಿಮ್ಮ ದಾರಿನ ಕಾಯಾಕತ್ತಿದ್ವಿ," ಎಂದಳು.

"ನನ್ನ ದಾರಿ?"

"ಹೂಂನ್ರಿ. ಅತ್ತಿ ಹೇಳಿ ಹೋಗ್ಯಾರ. ನಾ ಹ್ವಾದ ದಿನ ಓಣ್ಯಾಗಿಂದ ಬುತ್ತಿ ಬರಂಗಿಲ್ಲ, ಅವ್ರ ರೂಢಿ ತಪ್ಪಿಸಿದವ್ರು ನಾವ. ನೀವು ಮಾತ್ರ ಒಲಿ ಹಚ್ಚಬ್ಯಾಡ್ರಿ. ಖಾರದ ಮನಿ ವೀರವ್ವ ತರ್ತಾಳ. ಊರವ್ರು ನಮ್ಮ ಕೈ ನೋಡ್ತಾರ, ಅಕಿ ಒಬ್ಬಾಕಿ ನಮ್ಮ ಬಾಗಿಲಾ ನೋಡ್ತಾಳ ಅಂದಿದ್ರು."

ವೀರವ್ವನ ಮುಖ ಬಿಸಿಯಾಯಿತು. ಇಷ್ಟು ವರ್ಷ ಕಿಟಕಿಯ ಸರಳಿನ ಹಿಂದೆ ತಾನು ಯಾರಿಗೂ ಕಾಣುವುದಿಲ್ಲವೆಂದು ತಿಳಿದಿದ್ದಳು.

"ಮತ್ತೇನಂದ್ಲು?"

ಅಂಕಿತಾ ಸ್ವಲ್ಪ ಹಿಂಜರಿದಳು. "ಒಗ್ಗರಣಿ ಹಾಕಿ ತಂದ್ರೂ ಸುಮ್ನ ಉಣ್ರಿ, ಯಾರೂ ಮೂಗಿಗೆ ಸೆರಗು ಒಯ್ಯಬ್ಯಾಡ್ರಿ ಅಂದಿದ್ರು."

"ಹಾಕಿಲ್ಲ," ಎಂದಳು ವೀರವ್ವ. ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. "ಒಗ್ಗರಣಿ ಹಾಕಿಲ್ಲವಾ."

ಅವಳು ಅಂಗಳದಲ್ಲಿ ಕುಳಿತು ತನ್ನ ಕೈಯಾರೆ ಬಡಿಸಿದಳು. ಹಿರೇಕೆರೂರಿನವರಿಗೆ, ಮಿಲ್ಲಿನ ಆಳುಗಳಿಗೆ, ಅವಲಕ್ಕಿ ಮುಕ್ಕುತ್ತಿದ್ದ ಮಕ್ಕಳಿಗೆ. ಬಡಿಸುತ್ತಲೇ ಅತ್ತಳು, ಈ ಸಲ ಒರೆಸಿಕೊಳ್ಳಲಿಲ್ಲ. ದುಃಖವೆಷ್ಟು, ಸಿಟ್ಟೆಷ್ಟು ಎಂದು ಅವಳಿಗೇ ಬೇರೆ ಮಾಡಲಾಗಲಿಲ್ಲ. ಒಂದೇ ಒಂದು ಸಲ ನೀಲಗಂಗವ್ವನಿಗಿಂತ ಮೊದಲಾದೆ ಎಂದುಕೊಂಡು ಬಂದರೆ, ಅವಳು ಇಲ್ಲಿಗೂ ಮೊದಲೇ ಬಂದು ಕೂತಿದ್ದಳು. ಈ ಮೊದಲ ಬುತ್ತಿಯನ್ನು ಸಹ ವೀರವ್ವ ಗೆದ್ದದ್ದಲ್ಲ, ನೀಲಗಂಗವ್ವ ಕೊಟ್ಟು ಹೋದದ್ದು.

ಯುಗಾದಿಯ ಹೊತ್ತಿಗೆ ವೀಳ್ಯದೆಲೆ ತೋಟದ ಶೇಖಸಾಬ ತೀರಿಕೊಂಡ. ಸುದ್ದಿ ಬಂದಾಗ ಅಂಕಿತಾ ತಾನೇ ಖಾರದ ಮನೆಗೆ ಬಂದು, "ದೊಡ್ಡವ್ವ, ನಮ್ಮ ಹಿತ್ತಾಳಿ ಪಾತ್ರೆ ಒಯ್ತೀರೇನು?" ಎಂದು ಕೇಳಿದಳು. ಬುತ್ತಿ ಯಾರು ಮಾಡಬೇಕೆಂದು ಕೇಳಲೇ ಇಲ್ಲ.

"ಬ್ಯಾಡ. ನಮ್ಮ ಪಾತ್ರೆ ನಮಗೈತಿ," ಎಂದಳು ವೀರವ್ವ. ಆ ಪಾತ್ರೆಯ ಹೊಟ್ಟೆಯ ಮೇಲೆ 'ಖಾರದ ಬಸವಣ್ಣೆಪ್ಪ' ಎಂದು ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿ ತಂದು ವಾರವಾಗಿತ್ತು. ಅದನ್ನು ಗಂಡನೂ ಸೊಸೆಯೂ ಹೆಸರು ಹೊರಮುಖವಾಗಿ ಬರುವಂತೆ ಹಿಡಿದರು. ಅವಳು ಹಿಂದೆ ನಡೆದಳು, ಇಲ್ಲಿ ಕಲ್ಲು, ಅಲ್ಲಿ ತಗ್ಗು ಎನ್ನುತ್ತ.

ಶೇಖಸಾಬನ ಸೊಸೆ ಫರ್ಹತ ಬಾಗಿಲಿಗೆ ಬಂದಳು. ಪಾತ್ರೆಯ ಮೇಲಿನ ಹೆಸರು ಅವಳ ಕಣ್ಣೆದುರೇ ಇತ್ತು. ಅವಳು ಒಳಗೆ ತಿರುಗಿ, "ಅವಲಕ್ಕಿಯವ್ರ ಬುತ್ತಿ ಬಂತು, ತಾಟ ಹಾಕ್ರಿ," ಎಂದು ಕೂಗಿ ಹೇಳಿದಳು.

ತನುಜಾ ಅತ್ತೆಯ ಮುಖ ನೋಡಿದಳು. ವೀರವ್ವ ಬಾಯಿ ತೆರೆದಳು. ಫರ್ಹತಳ ಕೆಂಪಗಿನ ಕಣ್ಣು ಕಂಡಿತು, ಅವಳ ಹಿಂದೆ ಬೆಳಗಿನಿಂದ ಹಸಿದು ಕುಳಿತ ಮಂದಿ ಕಂಡರು.

"ಹೂಂನವಾ, ಬಂತು," ಎಂದಳು. "ಮೊದ್ಲ ಸಣ್ಣವ್ರನ್ನ ಕುಂದರಸು."

ತಿರುಗಿ ಬರುವಾಗ ಪಾತ್ರೆ ಬರಿದಾಗಿತ್ತು. "ಸತ್ತ ಮ್ಯಾಲೂ ಜಾಗಾ ಬಿಡವಲ್ಲಳು ನೋಡು," ಎಂದಳು ವೀರವ್ವ ತನುಜಾಗೆ, ಮನೆ ಮುಟ್ಟುವವರೆಗೂ ನೆಲ ನೋಡಿಕೊಂಡೇ ನಡೆದಳು.